ಬೊನೇರ್‌ಗೆ ಡೈವಿಂಗ್‌ಗೆ ಹೊರಟವರ ಪ್ರಶ್ನೆಗಳು, ಡಾಕ್ಟರ್ ಉತ್ತರ

ಅಡ್ಮಿನ್: ಡಿಸೆಂಬರ್ ರಜೆಗೆ ನಮ್ಮ ಗುಂಪಿನ ಕೆಲವು ಮನೆಯವರು ಬೊನೇರ್‌ಗೆ ಹೊರಟಿದ್ದಾರೆ. ವೆನೆಜುವೆಲಾ ಕರಾವಳಿ ಹತ್ತಿರದ, ನೆದರ್ಲೆಂಡ್ಸ್‌ಗೆ ಸೇರಿದ ಪುಟ್ಟ ಕೆರಿಬಿಯನ್ ದ್ವೀಪ. ಸ್ಕೂಬಾ (ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರಿನಡಿ ಇಳಿಯುವುದು) ಬಗ್ಗೆ ಆರೋಗ್ಯದ ಪ್ರಶ್ನೆ ಇದ್ದರೆ ನಿಮ್ಮ ಊರಿನ ಹೆಸರಿನಲ್ಲಿ ಇಲ್ಲಿ ಹಾಕಿ. ಡಾಕ್ಟರ್ ಮೇಡಂ ಕಿವಿ-ಮೂಗು-ಗಂಟಲು ತಜ್ಞರು, ಡೈವಿಂಗ್ ಮಾಡುವವರನ್ನೂ ನೋಡುತ್ತಾರೆ.

ಡಲ್ಲಾಸ್: ಶನಿವಾರ ಸಂಜೆ ಕೊನೆಯ ಡೈವ್, ಭಾನುವಾರ ಬೆಳಿಗ್ಗೆ ಫ್ಲೈಟ್. ಪರವಾಗಿಲ್ವಾ ಮೇಡಂ?

ಡಾಕ್ಟರ್: ಬೇಡ. ದಿನಾ ಡೈವ್ ಮಾಡಿದ್ದರೆ ಕೊನೆಯ ಡೈವ್ ಆಗಿ ಕನಿಷ್ಠ 18 ಗಂಟೆ ಬಿಡಬೇಕು. ನಾನು 24 ಹೇಳುತ್ತೇನೆ. ಆಳದಲ್ಲಿ ಉಸಿರಾಡಿದ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ. ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದಷ್ಟು ಕಡಿಮೆ ಇರಬಹುದು. ಆಗ ಆ ನೈಟ್ರೋಜನ್ ಮೈಯೊಳಗೆ ಗುಳ್ಳೆ ಕಟ್ಟಬಹುದು. ಕೊನೆಯ ದಿನ ನೀರಿಗೆ ಇಳಿಯದೆ ವಾಷಿಂಗ್ಟನ್ ಸ್ಲಾಗ್‌ಬಾಯ್ ಪಾರ್ಕ್ ನೋಡಿ ಬನ್ನಿ. ಫ್ಲೆಮಿಂಗೊ ಹಕ್ಕಿಗಳಿವೆ.

ನ್ಯೂಜೆರ್ಸಿ: ನನಗೆ ಸ್ವಿಮ್ಮಿಂಗ್ ಪೂಲ್‌ನ ಆಳದಲ್ಲೇ ಕಿವಿ ನೋಯುತ್ತೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ಹನಿ ಬಿಟ್ಟುಕೊಂಡು ಇಳಿದರೆ ನೋವು ಬರಲ್ಲ ಅಂತ ಒಂದು ಫಾರ್ವರ್ಡ್ ಬಂದಿದೆ.

ಡಾಕ್ಟರ್: ಎಣ್ಣೆ ಬೇಡ. ನೋವು ಬರುವುದು ಕಿವಿ ತಮಟೆಯ ಹಿಂದಿನ ಗಾಳಿ ಕುಗ್ಗುವುದರಿಂದ. ಹೊರಗಿನಿಂದ ಹಾಕಿದ ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ಇಳಿಯಲು ಶುರು ಮಾಡಿದಾಗಿನಿಂದಲೇ, ನೋವು ಬರುವ ಮೊದಲೇ, ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ. ಕಿವಿ ತೆರೆಯದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡಿ. ಬಲವಂತ ಬೇಡ. ಶೀತ ಇದ್ದ ದಿನ ನೀರಿಗೆ ಇಳಿಯಲೇಬೇಡಿ.

ಬಾಸ್ಟನ್: ಅತ್ತೆಯವರದು ಇಂಡಿಯನ್ ಪಾಸ್‌ಪೋರ್ಟ್. ಬೊನೇರ್‌ಗೆ ಬೇರೆ ವೀಸಾ ಬೇಕಾ?

ಹ್ಯೂಸ್ಟನ್: ಮೇಡಂ, ನಮ್ಮನೆಯವರಿಗೆ ಕಾಲೇಜಿನಲ್ಲಿದ್ದಾಗ ಏಕಾಏಕಿ ಎದೆನೋವು ಬಂದು ಒಂದು ಕಡೆಯ ಶ್ವಾಸಕೋಶ ಕುಸಿದಿತ್ತು. ಏಟೇನೂ ಬಿದ್ದಿರಲಿಲ್ಲ. ಟ್ಯೂಬ್ ಹಾಕಿದ್ದರು. ಆಮೇಲೆ ಏನೂ ತೊಂದರೆಯಿಲ್ಲ, ಈಗ ಮ್ಯಾರಥಾನ್ ಓಡುತ್ತಾರೆ. ಡೈವ್ ಶಾಪ್‌ನ ಫಾರ್ಮ್‌ನಲ್ಲಿ ಇದನ್ನೇ ಕೇಳಿದ್ದಾರೆ. ‘ಇಲ್ಲ’ ಅಂತ ಟಿಕ್ ಹಾಕಿಬಿಡು ಅಂತ ಅವರ ಫ್ರೆಂಡ್ಸ್ ಹೇಳುತ್ತಿದ್ದಾರೆ.

ಡಾಕ್ಟರ್: ಅವರು ಡೈವ್ ಮಾಡುವುದು ಬೇಡಮ್ಮ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಅವರಿಗೂ ಓದಿಸಿ.

ಏಟು ಬೀಳದೆ ತಾನಾಗಿ ಶ್ವಾಸಕೋಶ ಕುಸಿದವರಲ್ಲಿ ಅದರ ತುದಿಯ ಹತ್ತಿರ ತೆಳು ಗೋಡೆಯ ಗಾಳಿಗುಳ್ಳೆಗಳು ಇರುವುದು ಸಾಮಾನ್ಯ. ನೆಲದ ಮೇಲೆ ಅವು ವರ್ಷಗಟ್ಟಲೆ ಸುಮ್ಮನಿರಬಹುದು. ನೀರಿನಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರಿನ ಜೊತೆ ಹೊರಗೆ ಹೋದರೆ ಸರಿ. ಗುಳ್ಳೆಯಲ್ಲಿ ಸಿಕ್ಕಿಕೊಂಡರೆ ಗುಳ್ಳೆ ಒಡೆಯಬಹುದು. ಎದೆಗೂಡಿಗೆ ಸೋರಿದ ಗಾಳಿ ಮೇಲೆ ಬಂದಂತೆಲ್ಲ ಹಿಗ್ಗಿ ಶ್ವಾಸಕೋಶವನ್ನೂ ಹೃದಯವನ್ನೂ ಅದುಮುತ್ತದೆ. ರಕ್ತಕ್ಕೆ ಸೇರಿದರೆ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಆಗ ಕೈಯಲ್ಲಿ ಇರುವುದು ಕೆಲವೇ ನಿಮಿಷ.

ಮ್ಯಾರಥಾನ್ ಓಡುವಾಗ ಸುತ್ತಲಿನ ಒತ್ತಡ ಬದಲಾಗುವುದಿಲ್ಲ. ಹಾಗಾಗಿ ಅದು ಪರೀಕ್ಷೆಯಲ್ಲ. ಸಿ.ಟಿ. ಸ್ಕ್ಯಾನ್ ಸರಿ ಬಂದರೂ ನಾನು ಸಹಿ ಹಾಕುವುದಿಲ್ಲ, ಚಿಕ್ಕ ಗುಳ್ಳೆಗಳು ಅದರಲ್ಲಿ ಕಾಣದೇ ಹೋಗಬಹುದು. ಇನ್ನೊಂದು ಮಾತು. ಬೊನೇರ್‌ನಲ್ಲಿ ಬಹಳಷ್ಟು ಡೈವ್ ದಡದಿಂದಲೇ, ಗೈಡ್ ಇಲ್ಲದೆ, ಜೊತೆಗಾರರಿಬ್ಬರೇ ಇಳಿಯುವುದು. ಏನಾದರೂ ಆದರೆ ಅವರನ್ನು ದಡಕ್ಕೆ ಎಳೆದು ತರಬೇಕಾದವರು ನೀವು.

ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿಕೊಂಡು ನೀರಿನ ಮೇಲೆ ತೇಲಲಿ. ಎದುರಿನ ಪುಟ್ಟ ದ್ವೀಪ ಕ್ಲೈನ್ ಬೊನೇರ್‌ಗೆ ಬೋಟ್ ಹೋಗುತ್ತದೆ, ಅಲ್ಲಿ ಹವಳ ತೀರಾ ಮೇಲೇ ಇದೆ.

ಚಿಕಾಗೊ: ಈ ಫಾರ್ಮ್ ಎಲ್ಲ ಕೇಸ್ ಬೀಳಬಾರದು ಅಂತ ಬರೆಸಿಕೊಳ್ಳೋದು. ನನ್ನ ಕಸಿನ್‌ಗೆ ಆಸ್ತಮಾ. ‘ಇಲ್ಲ’ ಅಂತ ಹಾಕಿ ಮೆಕ್ಸಿಕೋದ ಕೋಜುಮೆಲ್‌ನಲ್ಲಿ ಆರಾಮಾಗಿ ಡೈವ್ ಮಾಡಿ ಬಂದ.

ಅಟ್ಲಾಂಟಾ: ಜೊತೆಗೆ ಇಳಿದವರಿಗೆ ಹೇಳಿದ್ದರಾ?

ಚಿಕಾಗೊ: ಕೋಜುಮೆಲ್‌ನಲ್ಲಿ ಬೋಟ್, ಗೈಡ್ ಎಲ್ಲ ಇರುತ್ತೆ ಸರ್. ನೀರಿನ ಸೆಳೆತವೇ ತೇಲಿಸಿಕೊಂಡು ಹೋಗುತ್ತೆ. ಬೊನೇರ್‌ನಲ್ಲಿ ಡೈವ್ ಜಾಗ ತೋರಿಸುವ ರಸ್ತೆ ಬದಿಯ ಹಳದಿ ಕಲ್ಲು ಹುಡುಕಿ, ಸಿಲಿಂಡರ್ ಹೊತ್ತು ಕಲ್ಲಿನ ಮೇಲೆ ನಡೆಯಬೇಕು. ಹೊಸಬರನ್ನು ಯಾಕೆ ಅಲ್ಲಿಗೆ ಕಳಿಸುತ್ತೀರಿ?

ಅಟ್ಲಾಂಟಾ: ಪಶ್ಚಿಮದ ದಡದಲ್ಲಿ ನೀರು ಶಾಂತ. ಗುಂಪಿನ ಹಿಂದೆ ಓಡಬೇಕಿಲ್ಲ. 1979ರಿಂದ ದ್ವೀಪದ ಸುತ್ತಲ ಸಮುದ್ರವೇ ಪಾರ್ಕ್, ಹವಳ ಮುಟ್ಟಬಾರದು ಅಂತ ಗ್ಲೌಸ್ ಹಾಕಲೂ ಬಿಡಲ್ಲ. ಜೊತೆಗೆ ಹಿಲ್ಮಾ ಹೂಕರ್ ಅನ್ನೋ ಮುಳುಗಿದ ಹಡಗಿದೆ.

ಚಿಕಾಗೊ: ಅದು ಕೂತಿರೋದು 30 ಮೀಟರ್‌ನಲ್ಲಿ. ಹೊಸಬರ ಮಿತಿ 18 ಮೀಟರ್. ಗೊತ್ತಿಲ್ಲದೆ ಹೇಳಬೇಡಿ.

ಅಟ್ಲಾಂಟಾ: ಆಸ್ತಮಾ ಮುಚ್ಚಿಡಿ ಅನ್ನೋರಿಂದ ನನಗೆ ಪಾಠ ಬೇಡ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಡಾಕ್ಟರ್: ಆಸ್ತಮಾ ಇದ್ದವರೆಲ್ಲ ಡೈವ್ ಮಾಡಬಾರದು ಅಂತಲ್ಲ. ಉಸಿರಾಟದ ಪರೀಕ್ಷೆ ಮಾಡಿಸಿ ನಿರ್ಧರಿಸಬೇಕು. ಓಡಿದಾಗ, ಚಳಿಗಾಳಿಗೆ ಉಬ್ಬಸ ಬರುವವರಿಗೆ ಬೇಡ. ಫಾರ್ಮ್‌ನಲ್ಲಿ ಸುಳ್ಳು ಬರೆಯಿರಿ ಅಂತ ಇನ್ನೊಮ್ಮೆ ಯಾರೂ ಇಲ್ಲಿ ಹೇಳಬೇಡಿ.

ಫೀನಿಕ್ಸ್: ಮಗಳಿಗೆ 9 ವರ್ಷ. ಕೋರ್ಸ್ ಮಾಡಿಸಬಹುದಾ?

ಡಾಕ್ಟರ್: 10 ತುಂಬಲಿ. ಆಮೇಲೂ 12 ಮೀಟರ್ ದಾಟುವ ಹಾಗಿಲ್ಲ.

ಸ್ಯಾನ್ ಹೋಸೆ: ಡೈವ್ ಆದ ರಾತ್ರಿಯೇ ಫ್ಲೈಟ್ ಹತ್ತಬಹುದಾ?

ಡಾಕ್ಟರ್: ಇಲ್ಲ. ಮೇಲೆ ಓದಿ.

ಸಿಯಾಟಲ್: ನಮ್ಮ ಯೋಗ ಗುಂಪಿನಲ್ಲಿ ಬಂದಿದ್ದು ಹಂಚಿಕೊಳ್ಳುತ್ತಿದ್ದೇನೆ. ನೀರಿನಡಿ ಕುಂಭಕ (ಉಸಿರು ಬಿಗಿಹಿಡಿಯುವುದು) ಮಾಡಿದರೆ ಸಿಲಿಂಡರ್ ಜಾಸ್ತಿ ಹೊತ್ತು ಬರುತ್ತದೆ. ಡೈವ್ ಆದ ಮೇಲೆ ಭುಜ, ಮಂಡಿ ನೋವು ಬಂದರೆ ಬಿಸಿ ಹರಳೆಣ್ಣೆ ತಿಕ್ಕಿ ಮಲಗಬೇಕು.

ಡಾಕ್ಟರ್: ಇದನ್ನು ದಯವಿಟ್ಟು ಡಿಲೀಟ್ ಮಾಡಿ. ಓದಿದವರು ಯಾರೂ ಮುಂದಕ್ಕೆ ಕಳಿಸಬೇಡಿ. ಸ್ಕೂಬಾದ ಮೊದಲ ನಿಯಮವೇ ಉಸಿರು ಕಟ್ಟಬಾರದು ಅನ್ನುವುದು. ತುಂಬಿದ ಶ್ವಾಸಕೋಶ ಬಿಗಿಹಿಡಿದು ಒಂದೂವರೆ ಮೀಟರ್ ಮೇಲೆ ಬಂದರೂ ಅದು ಹರಿಯಬಹುದು. ಡೈವ್ ಆದ ಮೇಲಿನ ಕೀಲುನೋವು, ಜೋಮು, ತಲೆಸುತ್ತು ಮೈಯಲ್ಲಿ ನೈಟ್ರೋಜನ್ ಗುಳ್ಳೆ ಕಟ್ಟಿದ ಲಕ್ಷಣ ಇರಬಹುದು. ತಿಕ್ಕುತ್ತಾ ಕೂರಬೇಡಿ. ಶುದ್ಧ ಆಕ್ಸಿಜನ್ ಕೊಡಿಸಿ, ಬೊನೇರ್‌ನ ಮುಖ್ಯ ಪಟ್ಟಣ ಕ್ರಾಲೆಂಡೈಕ್‌ನ ಆಸ್ಪತ್ರೆಗೆ ಹೋಗಿ. ಗುಳ್ಳೆ ಕರಗಿಸುವ ಒತ್ತಡದ ಚೇಂಬರ್ ಆ ಊರಿನಲ್ಲಿ ಇದೆ.

ಸಿಯಾಟಲ್: ಪ್ರಾಣಾಯಾಮಕ್ಕೆ ಸಾವಿರಾರು ವರ್ಷದ ಇತಿಹಾಸ ಇದೆ ಮೇಡಂ. ಗೌರವ ಇರಲಿ.

ಡಾಕ್ಟರ್: ಚಾಪೆಯ ಮೇಲೆ ಮಾಡಿ. ಸಿಲಿಂಡರ್ ಕಟ್ಟಿಕೊಂಡು ಬೇಡ.

ಬಾಸ್ಟನ್: ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ವೆಜ್ ಊಟ ಸಿಗುತ್ತಾ ಅಲ್ಲಿ?

ಹ್ಯೂಸ್ಟನ್: ಮೇಡಂ, ಓದಿಸಿದೆ. ಕೋಪ ಮಾಡಿಕೊಂಡರು. ಕೋರ್ಸ್‌ಗೆ ದುಡ್ಡು ಕಟ್ಟಿಯಾಗಿದೆ, ಆಪರೇಷನ್ ಮಾಡಿಸಿದರೆ ಆಗುತ್ತಾ ಅಂತ ಕೇಳುತ್ತಿದ್ದಾರೆ.

ಡಾಕ್ಟರ್: ಬರೀ ಡೈವ್ ಮಾಡಲು ಎದೆಯ ಆಪರೇಷನ್ ಮಾಡಿಸಿಕೊಳ್ಳಬೇಡಿ. ಮಾಡಿಸಿಕೊಂಡರೂ ನಾನು ಒಪ್ಪುವುದಿಲ್ಲ. ಆಗ ಕೊಟ್ಟ ಡಿಸ್ಚಾರ್ಜ್ ಪೇಪರ್ ಇಟ್ಟುಕೊಂಡು ಭಾನುವಾರ ಅವರೇ ನನಗೆ ಫೋನ್ ಮಾಡಲಿ, ಸಿಟ್ಟಿದ್ದರೂ ಪರವಾಗಿಲ್ಲ. ಶಾಪ್‌ಗೆ ಇವತ್ತೇ ನಿಜ ಬರೆದು, ದುಡ್ಡು ವಾಪಸ್ ಕೊಡುತ್ತಾರಾ ಕೇಳಿ. ನೀವು ಇಳಿಯುವುದಾದರೆ ನಿಮಗೆ ಬೇರೆ ಜೊತೆಗಾರರನ್ನು ಈಗಲೇ ಹುಡುಕಿಕೊಡಲು ಹೇಳಿ.