ತೂಕ ಇಳಿಸೋ ಗುಂಪು ಮೂರನೇ ವಾರಕ್ಕೇ ಮೌನ ಆಗ್ತಿದೆ, ಏನು ಮಾಡೋದು?

ಎಳನೀರು:
ಆಫೀಸಿನ 12 ಜನ ಸೇರಿ ತೂಕ ಇಳಿಸೋಕೆ ಅಂತ ವಾಟ್ಸಾಪ್ ಗುಂಪು ಮಾಡಿದ್ದೇವೆ. ನಿಯಮ ಒಂದೇ, ಸೋಮವಾರ ಬೆಳಿಗ್ಗೆ ತೂಕದ ಮೆಷಿನ್ ಫೋಟೊ ಹಾಕಬೇಕು. ಮೊದಲ ವಾರ ಹೆಚ್ಚುಕಡಿಮೆ ಎಲ್ಲರದ್ದೂ ಒಂದೂವರೆ ಕೆಜಿ ಇಳೀತು, ಚಪ್ಪಾಳೆಯೋ ಚಪ್ಪಾಳೆ. ಮೂರನೇ ವಾರ ಫೋಟೊ ಹಾಕಿದ್ದು ನಾಲ್ಕೇ ಜನ. ಉಳಿದವರು ಓದ್ತಾರೆ, ಸುಮ್ಮನಿರ್ತಾರೆ. ಕೆಲವರು ಬಹುಮಾನ ಇಡೋಣ ಅಂತಾರೆ, ಇನ್ನು ಕೆಲವರು ದಂಡ ಹಾಕೋಣ ಅಂತಾರೆ. ಗೊತ್ತಿರೋರು ಹೇಳಿ.

ತಕ್ಕಡಿ:
ದಂಡವೂ ಬೇಡ, ಬಹುಮಾನವೂ ಬೇಡ ಸರ್. ಆ ಸೋಮವಾರದ ಫೋಟೊ ಮೊದಲು ನಿಲ್ಲಿಸಿ. ಭಾನುವಾರ ಮದುವೆ ಊಟ ಅಥವಾ ಬಾಡೂಟ, ಸೋಮವಾರ ತೂಕ. ಉಪ್ಪು, ಅನ್ನ, ಸಿಹಿ ಜಾಸ್ತಿಯಾದ ಮರುದಿನ ಮೈ ನೀರು ಹಿಡಿದಿಟ್ಟುಕೊಳ್ಳುತ್ತೆ. ಮೆಷಿನ್ ತೋರಿಸೋದು ಆ ನೀರನ್ನ, ಅವರು ಓದೋದು 'ಸೋತೆ' ಅಂತ.

ಮೊದಲ ವಾರ ಇಳಿದದ್ದೂ ಬಹುಪಾಲು ನೀರೇ. ಊಟ ಕಡಿಮೆಯಾದಾಗ ಪಿತ್ತಜನಕಾಂಗ, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ (ಅಂದ್ರೆ ಸಕ್ಕರೆಯ ದಾಸ್ತಾನು) ಮೊದಲು ಖರ್ಚಾಗುತ್ತೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹೋಗುತ್ತೆ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲರಿ. ದಿನಾ 500 ಕಡಿಮೆ ತಿಂದರೂ ವಾರಕ್ಕೆ ಅರ್ಧ ಕೆಜಿ ಮುಟ್ಟಲ್ಲ. ನೀವು ಒಂದೂವರೆ ಕೆಜಿಗೆ ಚಪ್ಪಾಳೆ ತಟ್ಟಿಬಿಟ್ಟಿದ್ದೀರಿ, ಈಗ 300 ಗ್ರಾಂ ಇಳಿಸಿದವರಿಗೆ ಅದನ್ನ ಹೇಳೋಕೆ ನಾಚಿಕೆ.

ಹೀಗೆ ಮಾಡಿ: ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಕ ನೋಡಿ ಪುಸ್ತಕದಲ್ಲಿ ಬರೆದಿಡಿ. ಏಳು ದಿನದ ಸರಾಸರಿ ತೆಗೆದು, ಹೋದ ವಾರದ ಸರಾಸರಿಗೂ ಇದಕ್ಕೂ ಇರೋ ವ್ಯತ್ಯಾಸ ಮಾತ್ರ ಗುಂಪಿಗೆ ಹಾಕಿ. ಯಾರ ಒಟ್ಟು ತೂಕವೂ ಯಾರಿಗೂ ಗೊತ್ತಾಗಬೇಕಿಲ್ಲ. ಒಂದು ಲೆಕ್ಕ ನೋಡಿ. ಮೊದಲ ವಾರ 78.6, 78.1, 78.9, 78.3, 77.9, 78.4, 78.0. ಎರಡನೇ ವಾರ 78.2, 77.8, 78.7, 77.9, 77.5, 78.1, 77.6. ಮೊದಲ ಸೋಮವಾರಕ್ಕಿಂತ ಎರಡನೇ ಬುಧವಾರ 100 ಗ್ರಾಂ ಜಾಸ್ತಿ, ಅಷ್ಟೇ ನೋಡಿದವನು ಕೈಚೆಲ್ಲಿ ಕೂರ್ತಾನೆ. ಸರಾಸರಿ 78.3ರಿಂದ 78.0ಕ್ಕೆ ಬಂದಿದೆ! ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ತೂಕ ಏರೋದುಂಟು, ಆ ವಾರವನ್ನ ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು.

ಮೆಷಿನ್ ಗಟ್ಟಿ ನೆಲದ ಮೇಲಿರಲಿ, ಮ್ಯಾಟ್ ಮೇಲೆ ಬೇಡ. ನಾಲ್ಕು ಕಾಲಲ್ಲಿ ಒಂದು ಟೈಲ್ಸ್ ಸಂದಿಗೆ ಬಿದ್ದರೂ ಅಂಕಿ ತಪ್ಪುತ್ತೆ. ಅನುಮಾನ ಬಂದ್ರೆ ಎರಡು ಲೀಟರಿನ ತುಂಬಿದ ನೀರಿನ ಬಾಟಲಿ ಹಿಡಿದು ನಿಲ್ಲಿ, ಎರಡು ಕೆಜಿಗಿಂತ ಚೂರು ಹೆಚ್ಚು ಏರಬೇಕು.

ಸಾರಿನಪುಡಿ:
ತೂಕದ ಲೆಕ್ಕ ತಕ್ಕಡಿಯವರು ಹೇಳಿದ್ದಾರೆ, ಅಡುಗೆಮನೆ ಲೆಕ್ಕ ನಾನು ಹೇಳ್ತೀನಿ. ಗುಂಪಿನವರೆಲ್ಲ ಒಂದು ಮಾರ್ಕರ್ ತಗೊಳ್ಳಿ. ಎಣ್ಣೆ ಪ್ಯಾಕೆಟ್ ಕತ್ತರಿಸಿದ ದಿನ ಅದರ ಮೇಲೆ ತಾರೀಖು ಬರೀರಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಆದರೆ ತಲೆಗೆ ದಿನಕ್ಕೆ 30 ಗ್ರಾಂ, ಎರಡು ಲೀಟರ್ ಆದರೆ 15. ಆ 15 ಗ್ರಾಮಿನಲ್ಲೇ 135 ಕ್ಯಾಲರಿ ಉಳೀತು. ಪಲ್ಯಕ್ಕೆ ಬಾಟಲಿಯಿಂದ ಸುರಿಯೋದು ಬಿಟ್ಟು ಚಮಚದಲ್ಲಿ ಹಾಕಿದರೆ ಅರ್ಧ ಕೆಲಸ ಆಯ್ತು. ಗುಂಪಿಗೆ ಹಾಕೋಕೆ ತೂಕಕ್ಕಿಂತ ಈ ತಾರೀಖೇ ಒಳ್ಳೇ ಫೋಟೊ, 'ನಮ್ಮನೆ ಪ್ಯಾಕೆಟ್ 15 ದಿನ ಬಂತು' ಅನ್ನೋಕೆ ಯಾರೂ ಸಂಕೋಚ ಪಡಲ್ಲ. ಹಪ್ಪಳ, ಪೂರಿ ಕರಿದು ಉಳಿದ ಎಣ್ಣೆ ಚೆಲ್ಲಿದ್ದರೆ ಅದನ್ನ ಲೆಕ್ಕದಿಂದ ಕಳೀರಿ.

ಇನ್ನೊಂದು ಮಾತು. 'ಅನ್ನ ಬಿಟ್ಟು ಮುದ್ದೆ ತಿಂತಿದ್ದೀನಿ, ಆದರೂ ಇಳೀತಿಲ್ಲ' ಅನ್ನೋರು ಪ್ರತಿ ಗುಂಪಲ್ಲೂ ಇರ್ತಾರೆ. 100 ಗ್ರಾಂ ರಾಗಿ ಹಿಟ್ಟಿಗೆ 320 ಕ್ಯಾಲರಿ, 100 ಗ್ರಾಂ ಅಕ್ಕಿಗೆ 355ರ ಆಸುಪಾಸು. ಅಂಥ ದೊಡ್ಡ ವ್ಯತ್ಯಾಸವೇನಿಲ್ಲ. ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಅಕ್ಕಿಯಲ್ಲಿ ಮೂರೂ ಇಲ್ಲ, ಹಾಗಾಗಿ ಹೊಟ್ಟೆ ಬೇಗ ತುಂಬುತ್ತೆ. ಆ ಲಾಭ ಬೇಕಾದ್ರೆ ಒಂದು ಮುದ್ದೆಗೆ ಏಳಬೇಕು. ಎರಡು ಮುದ್ದೆ ನುಂಗಿ ಮೇಲೆ 'ಸ್ವಲ್ಪ' ಅನ್ನ ಮಜ್ಜಿಗೆ ಅಂದ್ರೆ ರಾಗಿ ಏನು ಮಾಡೀತು ಪಾಪ. ಸಾರಿಗೆ ಕಾಳು ಹೆಚ್ಚು ಹಾಕಿ. 100 ಗ್ರಾಂ ಹೆಸರುಕಾಳಿನಲ್ಲಿ 22-24 ಗ್ರಾಂ ಪ್ರೋಟೀನ್ ಇದೆ. ಅದು ಸಾಲದಿದ್ರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ.

ಕಟ್ಟೆಪುರಾಣ:
12 ಜನ ಒಂದೇ ಗುಂಪಲ್ಲಿದ್ರೆ ಒಬ್ಬ ಸುಮ್ಮನಾದದ್ದು ಯಾರ ಕಣ್ಣಿಗೂ ಬೀಳಲ್ಲ. ನಾಲ್ಕು ನಾಲ್ಕು ಜನರ ಮೂರು ಗುಂಪು ಮಾಡಿ. 1999ರಲ್ಲಿ ಅಮೆರಿಕದ ರೀನಾ ವಿಂಗ್, ರಾಬರ್ಟ್ ಜೆಫ್ರಿ ಇದನ್ನೇ ಪರೀಕ್ಷಿಸಿ ನೋಡಿದ್ರು. ಒಂಟಿಯಾಗಿ ಬಂದು ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಕೊನೇವರೆಗೆ ಉಳಿದವರು ಶೇ. 76, ಇಳಿಸಿದ ತೂಕವನ್ನ ಹಾಗೇ ಉಳಿಸಿಕೊಂಡವರು ಶೇ. 24. ಮೂವರು ಪರಿಚಯದವರನ್ನ ಜೊತೆಗೆ ಕರೆತಂದು, ಒಬ್ಬರಿಗೊಬ್ಬರು ಆಸರೆಯಾಗೋ ತರಬೇತಿಯನ್ನೂ ಪಡೆದವರಲ್ಲಿ ಅದೇ ಅಂಕಿ ಶೇ. 95 ಮತ್ತು 66. ಬರೀ ಜೊತೆಗಿದ್ದದ್ದರಿಂದ ಆದದ್ದಲ್ಲ, ತರಬೇತಿಯೂ ಇತ್ತು ಅನ್ನೋದು ಮರೀಬೇಡಿ.

ನಾಲ್ವರಲ್ಲಿ ಇಬ್ಬಿಬ್ಬರ ಜೋಡಿ. ಎರಡು ದಿನ ಸದ್ದಿಲ್ಲ ಅಂದ್ರೆ ಜೋಡಿಯವರು ಫೋನ್ ಮಾಡಬೇಕು, ಗುಂಪಲ್ಲಿ ಹೆಸರು ಕೂಗಬಾರದು. ಫೋನಲ್ಲಿ 'ಎಷ್ಟಾಯ್ತು ತೂಕ?' ಅಂತ ಕೇಳಿದ್ರೆ ಮಾತು ಅಲ್ಲಿಗೇ ಮುಗೀತು. 'ಪರವಾಗಿಲ್ಲ ಬಿಡಿ' ಅಂದರೂ ಅಷ್ಟೇ. 'ಇವತ್ತು ರಾತ್ರಿ ಊಟಕ್ಕೇನು? ಆರು ಗಂಟೆಗೆ ಒಂದು ಸುತ್ತು ನಡೆಯೋಣ್ವಾ?' ಅಂತ ಕೇಳಿ. ಉತ್ತರ ಹೇಳೋಕೆ ಸುಲಭ, ಹೇಳಿದ ಮೇಲೆ ಮಾಡೋಕೂ ಮನಸ್ಸು ಬರುತ್ತೆ.

ಹೊಗಳೋದೂ ಹಾಗೇ. 'ವಾವ್, ಎಷ್ಟು ಸಣ್ಣ ಆಗಿದ್ದೀರ' ಅನ್ನೋದಕ್ಕಿಂತ 'ನಾಲ್ಕು ದಿನ ಸಂಜೆ ಬಜ್ಜಿ ಬಿಟ್ರಲ್ಲ' ಅನ್ನಿ. ಜ್ವರ ಬಂದು ಇಳಿದವರಿಗೂ ಚಪ್ಪಾಳೆ ತಟ್ಟೋ ಗುಂಪುಗಳಿವೆ!

ಎಳನೀರು:
ಎಣ್ಣೆ ತಾರೀಖು ಇವತ್ತಿನಿಂದಲೇ ಶುರು. ಎರಡು ಅನುಮಾನ. ಗುಂಪಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೋತಾರೆ. ಮತ್ತೆ ಮುಂದಿನ ವಾರ ಒಬ್ಬರ ಮನೆ ಗೃಹಪ್ರವೇಶ, ಬಾಳೆ ಎಲೆ ಊಟ.

ತಕ್ಕಡಿ:
ಮಾತ್ರೆಯ ಹೆಸರು ನೋಡಿ. ಸಕ್ಕರೆಯನ್ನ ತೀರಾ ಕೆಳಗಿಳಿಸಬಲ್ಲ ಗ್ಲಿಮೆಪಿರೈಡ್ ಥರದ್ದು ಅಥವಾ ಇನ್ಸುಲಿನ್ ಆಗಿದ್ರೆ, ಡಾಕ್ಟರ್ ಹತ್ರ ಡೋಸ್ ಮಾತಾಡದೆ ಊಟ ಇಳಿಸಬಾರದು, ಉಪವಾಸವಂತೂ ಬೇಡವೇ ಬೇಡ. ಸಕ್ಕರೆ ಕೆಳಗಿಳಿದ್ರೆ ಬೆವರು, ಕೈ ನಡುಕ, ಮಂಕು. ಆಗ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಜೋಡಿಯವರಿಗೆ ಇದು ಗೊತ್ತಿರಲಿ.

ಸಾರಿನಪುಡಿ:
ಎಲೆ ಊಟಕ್ಕೆ ನಾಲ್ವರೂ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತ್ಕೊಳ್ಳಿ. ಕೋಸಂಬರಿ, ಪಲ್ಯ ಎರಡನೇ ಸಲ ಕೇಳಿ ಹಾಕಿಸ್ಕೊಳ್ಳಿ, ಅನ್ನ ಬರೋ ಹೊತ್ತಿಗೆ ಅರ್ಧ ಹೊಟ್ಟೆ ತುಂಬಿರುತ್ತೆ. ಹೋಳಿಗೆ ಒಂದು ತಿನ್ನಿ, ತಿಂದೆ ಅಂತ ಗುಂಪಲ್ಲಿ ಬರೀರಿ. ಎರಡನೇದು ಬಡಿಸೋಕೆ ಬಂದಾಗ 'ಬೇಡ' ಅಂದರೆ ಬಡಿಸೋರು ಬಿಡಲ್ಲ, ಎರಡೂ ಕೈ ಎಲೆ ಮೇಲೆ ಅಡ್ಡ ಹಿಡೀಬೇಕು. ಪಕ್ಕದವರ ಎಲೆಗೂ ಅದೇ ಕೈ ಹಿಡಿದ್ರೆ ಇನ್ನೂ ಒಳ್ಳೇದು. ಆ ವಾರದ ತೂಕ ಊಟ ಆಗಿ ಮೂರು ದಿನ ಕಳೆದ ಮೇಲೇ ನೋಡಿ.