‘ಪರವಾಗಿಲ್ಲ’ ಅಂದರೆ ಎಷ್ಟು ಮಾರ್ಕು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ‘ಪರವಾಗಿಲ್ಲ’. ಇದರಲ್ಲಿ ಕೇಳೋಕೆ ಏನಿದೆ, ಮಕ್ಕಳಿಗೂ ಗೊತ್ತಿರುವ ಮಾತು ಅಂತ ನಗಬೇಡಿ. ಮೂರು ವಾರದಿಂದ ಇದೊಂದೇ ಪದ ಹಿಡಿದುಕೊಂಡು ನಾವು ನಾಲ್ಕು ಜನ ಗೆಳೆಯರು ಜಗಳ ಆಡುತ್ತಿದ್ದೇವೆ.

ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ನಾನು ಶಿವಮೊಗ್ಗ ಕಡೆಯವನು. ಒಬ್ಬ ಧಾರವಾಡದವನು, ಒಬ್ಬ ಕುಂದಾಪುರದವನು. ಸಂಕಲನ ಮಾಡುವವನು ಅಪ್ಪಟ ಮರಾಠಿ ಹುಡುಗ, ಅವನಿಗೆ ಬರುವ ಕನ್ನಡ ‘ಊಟ ಆಯ್ತಾ’ ಅಷ್ಟೇ. ಎಲ್ಲ ಸೇರಿ ಎರಡು ಭಾನುವಾರದಲ್ಲಿ ಒಂದು ಕಿರುಚಿತ್ರ ತೆಗೆದೆವು. 11 ನಿಮಿಷದ್ದು. ಕ್ಯಾಮೆರಾ ನಮ್ಮದೇ ಫೋನು. ಒಟ್ಟು ಖರ್ಚು 9,400 ರೂಪಾಯಿ, ಅದರಲ್ಲಿ ಒಂದು ಕಾಲರ್ ಮೈಕ್ ಬಿಟ್ಟರೆ ಉಳಿದದ್ದು ಜಾಸ್ತಿ ವಡಾಪಾವ್, ಚಹಾಕ್ಕೇ ಹೋಯಿತು. ಕಥೆ ಇಷ್ಟೇ: ವಿರಾರ್‌ನಲ್ಲಿ ಮನೆ ಮಾಡಿರುವ ಮಗ ಭಾನುವಾರ ಊಟಕ್ಕೆ ಬರ್ತೀನಿ ಅಂದಿರುತ್ತಾನೆ. ಮಧ್ಯಾಹ್ನ ಫೋನ್ ಮಾಡಿ, ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸೋದು) ಇದೆಯಮ್ಮ, ದಾದರಿನಲ್ಲಿ ಗಾಡಿ ಬದಲಿಸಿ ಬರೋ ಹೊತ್ತಿಗೆ ಸಂಜೆಯಾಗುತ್ತೆ ಅನ್ನುತ್ತಾನೆ. ತಾಯಿ ‘ಪರವಾಗಿಲ್ಲ ಬಿಡು’ ಅನ್ನುತ್ತಾಳೆ. ಆಮೇಲೆ ಒಬ್ಬಳೇ ಕೂತು ಊಟ ಮಾಡುತ್ತಾಳೆ.

ಮೊದಲ ತೊಂದರೆ ಸಬ್‌ಟೈಟಲಿನಲ್ಲಿ ಶುರುವಾಯಿತು. ಮರಾಠಿಯಲ್ಲಿ ಹಾಕೋಣ ಅಂತ ತೀರ್ಮಾನ ಆಗಿತ್ತು. ಸಂಕಲನದವನು ‘ಪರವಾಗಿಲ್ಲ ಅಂದರೆ ಏನು’ ಅಂತ ಕೇಳಿದ. ನಾನು ಜಾಣ ನೋಡಿ, ಅರ್ಥ ಹೇಳೋ ಬದಲು ಹುಟ್ಟು ಹೇಳಿದೆ. ಅದು ಪರ್ಷಿಯನ್ ಮೂಲದ ‘ಪರ್ವಾ’, ಉರ್ದು ಮೂಲಕ ಬಂದದ್ದು, ಮುಂದೆ ನಮ್ಮ ‘ಇಲ್ಲ’ ಸೇರಿದೆ, ನಿಮ್ಮಲ್ಲೂ ಅದೇ ಪದ ಇದೆಯಲ್ಲ ಅಂದೆ. ಅವನು ಖುಷಿಯಾಗಿ ‘ಪರ್ವಾ ನಾಹೀ’ ಅಂತ ಹಾಕಿಬಿಟ್ಟ. ಎರಡು ದಿನ ಬಿಟ್ಟು ಅವನ ಅಕ್ಕ ನೋಡಿ, ‘ಈ ಅಮ್ಮ ಯಾಕೆ ಇಷ್ಟು ಕಲ್ಲೆದೆಯವಳು’ ಅಂತ ಕೇಳಿದರಂತೆ. ಮರಾಠಿಯಲ್ಲಿ ‘ಮಲಾ ಪರ್ವಾ ನಾಹೀ’ ಅಂದರೆ ‘ನನಗೇನು, ಬಂದರೆ ಬಾ ಬಿಟ್ಟರೆ ಬಿಡು’ ಅನ್ನುವ ಧಾಟಿ. ಅದೇ ‘ಪರ್ವಾ’, ಅದೇ ‘ಇಲ್ಲ’. ಅಲ್ಲಿ ಹೇಳುವವಳಿಗೆ ಚಿಂತೆ ಇಲ್ಲ ಅಂತಾಯಿತು. ನಮ್ಮಲ್ಲಿ ‘ನೀನು ಚಿಂತೆ ಮಾಡಬೇಡ’ ಅಂತ. ಯಾರ ಚಿಂತೆ ಅನ್ನೋದರಲ್ಲೇ ತಾಯಿ ರಾಕ್ಷಸಿ ಆಗಿಬಿಟ್ಟಳು.

ಹುಟ್ಟಿನ ವಿಷಯ ಬಂತಲ್ಲ, ಅದನ್ನೂ ಕೇಳಿಬಿಡುತ್ತೇನೆ. ಶಾಲೆಯಲ್ಲಿ ನಾನು ಇದನ್ನು ಪರ, ಆಗಿ, ಇಲ್ಲ ಅಂತ ಬಿಡಿಸಿಕೊಂಡಿದ್ದೆ. ಪರ ವಿರೋಧದ ‘ಪರ’. ಹಾಗೆ ನೋಡಿದರೆ ‘ನಿನ್ನ ಕಡೆ ಇಲ್ಲ’ ಅಂತಾಗಬೇಕು, ಅರ್ಥ ಕೂಡೋದೇ ಇಲ್ಲ. ತೆಲುಗಿನವರು ಪರವಾಲೇದು ಅಂತಾರೆ, ತಮಿಳರು ಪರವಾಯಿಲ್ಲೈ. ಎರಡರಲ್ಲೂ ನಮ್ಮ ‘ಗಿ’ ಇಲ್ಲ. ‘ಚೆನ್ನಾಗಿಲ್ಲ’, ‘ಸರಿಯಾಗಿಲ್ಲ’ ಇವುಗಳ ಸಹವಾಸದಿಂದ ಕನ್ನಡದಲ್ಲಿ ಮಾತ್ರ ‘ಗಿ’ ತಗುಲಿಕೊಂಡಿದೆ ಅಂತ ನನ್ನ ಲೆಕ್ಕ. ತಮಾಷೆ ನೋಡಿ, ‘ಚೆನ್ನಾಗಿಲ್ಲ’, ‘ಸರಿಯಾಗಿಲ್ಲ’, ‘ಪರವಾಗಿಲ್ಲ’ ಮೂರಕ್ಕೂ ಬಾಲ ಒಂದೇ ಥರ, ಆದರೆ ಮೊದಲ ಎರಡು ಬೈಗುಳ, ಮೂರನೆಯದು ಸಮಾಧಾನ. ಇದಕ್ಕಿಂತ ಬೇರೆ ವಿವರಣೆ ನಿಮ್ಮಲ್ಲಿದ್ದರೆ ಹೇಳಿ.

‘ಪರವಾನಗಿ’ಗೂ ಇದಕ್ಕೂ ನಂಟಿದೆ ಅಂತ ಧಾರವಾಡದವನ ವಾದ. ಇಲ್ಲ. ಅದು ‘ಪರವಾನಾ’ದಿಂದ ಬಂದದ್ದು, ಅಪ್ಪಣೆ ಚೀಟಿ. ಆದರೆ ಇವೆರಡೂ ಸೇರಿ ನನ್ನ ಮಾನ ಕಳೆದದ್ದು ನಿಜ. ಸೊಸೈಟಿಯ (ಅಂದರೆ ನಮ್ಮ ಅಪಾರ್ಟ್‌ಮೆಂಟಿನ) ತಾರಸಿ ಮೇಲೆ ಒಂದು ಸಂಜೆಯ ಶಾಟ್ ಬೇಕಿತ್ತು. ಮೇಲಿಂದಲೇ ಕೂಗಿ ಕೇಳಿದೆ. ಕೆಳಗಿಂದ ಒಬ್ಬರು ಹಿರಿಯರು ‘ಪರವಾನಗೀ ನಾಹೀ’ ಅಂದರು. ನಾಲ್ಕನೇ ಮಹಡಿಗೆ, ಅದೂ ಗಾಳಿಯಲ್ಲಿ, ನನ್ನ ಕನ್ನಡ ಕಿವಿಗೆ ಅದು ‘ಪರವಾಗಿಲ್ಲ’ ಅಂತಲೇ ಕೇಳಿಸಿತು. ಕೈ ಬೀಸಿ ಥ್ಯಾಂಕ್ಸ್ ಹೇಳಿ ಟ್ರೈಪಾಡ್ ನಿಲ್ಲಿಸಿದೆ. ಹತ್ತು ನಿಮಿಷಕ್ಕೆ ಅವರು ಮೇಲೆ ಬಂದರು. ಆ ಶಾಟ್ ಚಿತ್ರದಲ್ಲಿಲ್ಲ.

ಇನ್ನು ಧ್ವನಿ. ಶೂಟಿಂಗ್ ಮಾಡಿದ್ದು ಕುಂದಾಪುರದವನ ಒನ್ ರೂಮ್ ಕಿಚನ್ ಮನೆಯಲ್ಲಿ. ರೈಲು ಹಳಿಗೆ ತಾಗಿಕೊಂಡಂತೆ ಇದೆ. ಫ್ಯಾನ್ ಆಫ್ ಮಾಡಿ, ಫ್ರಿಜ್ ಆಫ್ ಮಾಡಿ (ಮತ್ತೆ ಹಾಕೋದು ಮರೆಯಬಾರದು ಅಂತ ಸ್ಕೂಟರ್ ಕೀಲಿಯನ್ನು ಫ್ರಿಜ್ ಒಳಗೇ ಇಡಬೇಕು, ಇದು ಬಹಳ ಉಪಯೋಗಕ್ಕೆ ಬಂತು) ಬೆವರು ಸುರಿಸಿಕೊಂಡು ತೆಗೆದ ಅತ್ಯುತ್ತಮ ಟೇಕಿನಲ್ಲಿ ಸರಿಯಾಗಿ ಆ ಪದದ ಮೇಲೇ ಒಂದು ಫಾಸ್ಟ್ ಲೋಕಲ್ ಹಾದು ಹೋಯಿತು. ‘...ಗಿಲ್ಲ ಬಿಡು’ ಅಷ್ಟೇ ಉಳಿಯಿತು. ಹಾಗಾಗಿ ಡಬ್ಬಿಂಗ್. ಸ್ಟುಡಿಯೋಗೆ ದುಡ್ಡೆಲ್ಲಿ? ಬೀರು ಬಾಗಿಲು ತೆಗೆದು, ಸೀರೆಗಳ ಮಧ್ಯೆ ಮೈಕ್ ಇಟ್ಟು, ತಾಯಿ ಪಾತ್ರ ಮಾಡಿದ ಆಂಟಿಯನ್ನು ಅದರ ಮುಂದೆ ನಿಲ್ಲಿಸಿದೆವು. ಅವರು ಕುಂದಾಪುರದ ಗೆಳೆಯನ ಸ್ವಂತ ತಾಯಿ. ಏಳು ಸಲ ಹೇಳಿದರು. ಏಳಕ್ಕೂ ಬೇರೆ ಬೇರೆ ಅರ್ಥ. ಮೊದಲನೆಯದು ಲೋಕಲ್‌ನಲ್ಲಿ ಕಾಲು ತುಳಿದವರಿಗೆ ಹೇಳೋ ಹಾಗೆ ಚುಟುಕಾಗಿತ್ತು. ಮೂರನೆಯದರಲ್ಲಿ ‘ಲ್ಲಾ’ ಸ್ವಲ್ಪ ಎಳೆದರು, ಅದು ಶುದ್ಧ ಕೋಪ, ನಾನು ಮಗನಾಗಿದ್ದರೆ ತಕ್ಷಣ ಗಾಡಿ ಹಿಡಿಯುತ್ತಿದ್ದೆ. ಐದನೆಯದರಲ್ಲಿ ‘ಪರ’ ಆದ ಮೇಲೆ ಉಗುಳು ನುಂಗಿದರು. ಅದನ್ನೇ ಇಟ್ಟೆವು.

ಅಲ್ಲಿಂದ ನಾನು ಪಟ್ಟಿ ಮಾಡೋಕೆ ಶುರು ಮಾಡಿದೆ. ಯಾರಾದರೂ ‘ಸಾರಿ’ ಅಂದಾಗ ಪರವಾಗಿಲ್ಲ, ಅದು ಕ್ಷಮೆ. ಜ್ವರ ಹೇಗಿದೆ ಅಂದರೆ ‘ಈಗ ಪರವಾಗಿಲ್ಲ’, ಅದು ಚೇತರಿಕೆ. ಇನ್ನೊಂದು ದೋಸೆ ಹಾಕಲಾ ಅಂದಾಗ ‘ಪರವಾಗಿಲ್ಲ’ ಅಂದರೆ ಬೇಡ ಅಂತಲೂ ಆಗುತ್ತೆ, ನಾಚಿಕೆ ಬಿಟ್ಟು ಇನ್ನೊಂದು ಸಲ ಕೇಳಿ ಅಂತಲೂ ಆಗುತ್ತೆ. ‘ಪರವಾಗಿಲ್ವೇ ನೀನು!’ ಅಂದರೆ ನಿನ್ನಿಂದ ಇಷ್ಟು ನಿರೀಕ್ಷೆ ಇರಲಿಲ್ಲ ಅಂತ ಹೊಗಳಿಕೆ. ಮರಾಠಿಯಲ್ಲಿ ಇವಕ್ಕೆಲ್ಲ ಒಂದೇ ಪದ ಸಿಗಲಿಲ್ಲ. ‘ಹರಕತ್ ನಾಹೀ’ ಕ್ಷಮೆಗೆ ಸರಿ, ಜ್ವರಕ್ಕೆ ಆಗಲ್ಲ. ಜ್ವರಕ್ಕೆ ‘ಬರಂ ಆಹೇ’, ಅದು ಕ್ಷಮೆಗೆ ಆಗಲ್ಲ. ‘ಚಾಲೇಲ್’ ಅಂದರೆ ಬರೇ ಒಪ್ಪಿಗೆ.

ಆಮೇಲೆ ಚಿತ್ರ ಮುಗಿಸಿ, ಒಬ್ಬರ ಹಾಲಿನಲ್ಲಿ ಟಿವಿಗೆ ಜೋಡಿಸಿ ಇಪ್ಪತ್ತು ಚಿಲ್ಲರೆ ಜನಕ್ಕೆ ತೋರಿಸಿದೆವು. ಹೇಗಿದೆ ಅಂತ ಕೇಳಿದೆವು. ಮಂಡ್ಯದ ಹಿರಿಯರೊಬ್ಬರು ‘ಪರವಾಗಿಲ್ಲ ಕಣ್ರಯ್ಯಾ’ ಅಂದರು. ಹೋಟೆಲಿನ ಮಾವ ಒಬ್ಬರು, ಅವರೂ ಕುಂದಾಪುರದವರೇ, ‘ಅಡ್ಡಿಲ್ಲ ಮಾರಾಯ’ ಅಂದರು. ನನ್ನ ಮುಖ ಸಪ್ಪಗಾಯಿತು. ಕುಂದಾಪುರದ ಗೆಳೆಯ ಮಾತ್ರ ಕುಣಿದಾಡಿದ. ಅವರ ಊರಲ್ಲಿ ‘ಅಡ್ಡಿಲ್ಲ’ ಅಂದರೆ ನೂರಕ್ಕೆ ಎಂಬತ್ತು ಮಾರ್ಕಂತೆ, ಅದಕ್ಕಿಂತ ಮೇಲೆ ಯಾರೂ ಯಾರಿಗೂ ಕೊಡೋದೇ ಇಲ್ಲವಂತೆ. ಧಾರವಾಡದ ಕಾಕಾ ‘ಚಲೋ ಐತಿ’ ಅಂದರು. ಪಕ್ಕದಲ್ಲಿದ್ದ ಹಿಂದಿಯವರು ‘ಚಲೋ’ ಕೇಳಿ, ಹೊರಡೋಣ ಅನ್ನುತ್ತಿದ್ದಾರೆ ಅಂತ ಎದ್ದು ನಿಂತರು. ಅದು ನಮಗೆ ಸಿಕ್ಕ ಅತಿ ಪ್ರಾಮಾಣಿಕ ವಿಮರ್ಶೆ ಅಂತ ಈಗಲೂ ತಮಾಷೆ ಮಾಡುತ್ತೇವೆ.

‘ಹೇಗಿದೆ’ ಅಂತ ಕೇಳಿದರೆ ಉಪಯೋಗವಿಲ್ಲ ಅಂತ ಅವತ್ತೇ ಗೊತ್ತಾಯಿತು. ಮುಂದಿನ ಸಲ ‘ಎಲ್ಲಿ ಬೇಜಾರಾಯ್ತು’ ಅಂತ ಕೇಳಿದೆವು. ಬಹಳ ಜನ ಒಂದೇ ಜಾಗ ಹೇಳಿದರು: ತಾಯಿ ಒಬ್ಬಳೇ ಊಟ ಮಾಡುವ ಜಾಗ. ಸಂಕಲನದವನಿಗೆ ಹೇಳಿದೆ. ಮರಾಠಿಯ ‘ಬೇಜಾರ್’ ಅಂದರೆ ಸಾಕು ಸಾಕಾಗಿ ಹೋಗೋದು. ಅವನು ಆ ದೃಶ್ಯ ಅರ್ಧಕ್ಕರ್ಧ ಕತ್ತರಿಸಿಟ್ಟ. ನನಗೂ ಹೊಳೆಯಲಿಲ್ಲ. ಒಂದು ವಾರ ಆದ ಮೇಲೆ ಪಕ್ಕದ ಮನೆ ಅಜ್ಜಿ ಹೊಸದನ್ನು ನೋಡಿ, ‘ಅಯ್ಯೋ, ಅಷ್ಟು ಬೇಜಾರಾಗಿ ಕಣ್ಣೀರು ಬಂದಿತ್ತು, ಅದನ್ನೇ ತೆಗೆದುಬಿಟ್ಟಿದ್ದೀರಲ್ಲ’ ಅಂದರು. ನೋಡಿ, ನಮ್ಮ ಬೇಜಾರಿಗೆ ಎರಡು ಮುಖ. ಆಕಳಿಕೆಯೂ ಅದೇ, ಅಳುವೂ ಅದೇ. ಈಗ ನಾವು ‘ಯಾವ ಹೊತ್ತಿಗೆ ಫೋನ್ ನೋಡಿಕೊಂಡಿರಿ’ ಅಂತ ಕೇಳುತ್ತೇವೆ. ದೃಶ್ಯ ವಾಪಸ್ ಬಂದಿದೆ.

ಹಾಗಾಗಿ ನನ್ನ ಪ್ರಶ್ನೆಗಳು. ನಿಮ್ಮ ಊರಲ್ಲಿ ಒಂದು ಕೆಲಸ ನೋಡಿ ‘ಪರವಾಗಿಲ್ಲ’ ಅಂದರೆ ಅದು ಹೊಗಳಿಕೆಯೋ, ಸಾಗಹಾಕೋದೋ? ‘ಅಡ್ಡಿಲ್ಲ’ದ ಎಂಬತ್ತು ಮಾರ್ಕು ನಿಜವೋ, ಅಥವಾ ನಮ್ಮವನು ನಮಗೆ ಸಮಾಧಾನ ಹೇಳಿದ್ದೋ? ‘ಫೀಡ್‌ಬ್ಯಾಕ್’ಗೆ ಪಠ್ಯದಲ್ಲಿ ‘ಹಿಮ್ಮಾಹಿತಿ’ ಅಂತಿದೆ. ಆ ಪದ ಹೇಳಿದರೆ ಜನ ಎದ್ದು ಹೋಗುತ್ತಾರೆ. ‘ಅನಿಸಿಕೆ’ ಕೇಳಿದರೆ ಭಾಷಣ ಮಾಡುತ್ತಾರೆ. ತಪ್ಪು ಹುಡುಕಿಕೊಡಿ ಅನ್ನುವ ಅರ್ಥ ಬರುವ, ಬಾಯಲ್ಲಿ ಆಡುವಂಥ ಮಾತು ಯಾರಾದರೂ ಬಳಸುತ್ತೀರಾ?

ಕೊನೆಯದು ಸ್ವಲ್ಪ ತುರ್ತು, ಮುಂದಿನ ತಿಂಗಳು ಚಿತ್ರ ಒಂದು ಕಡೆ ಕಳಿಸಬೇಕು. ಸಬ್‌ಟೈಟಲಿಗೆ ಧಾರವಾಡದವನು ‘ಅಸೂ ದೇ’ ಹಾಕೋಣ ಅನ್ನುತ್ತಿದ್ದಾನೆ. ಚಿಕ್ಕದು, ಓದೋಕೆ ಸುಲಭ, ತೆರೆಯ ಮೇಲೆ ಆ ಮಾತು ಇರೋದೇ ಒಂದೂವರೆ ಸೆಕೆಂಡು. ಆದರೆ ಅದು ‘ಇರಲಿ’ ಅಂದ ಹಾಗಲ್ಲವೇ? ‘ಇರಲಿ’ ಅಂದಾಗ ನೋವು ಒಂಚೂರು ಹೊರಗೆ ಕಾಣುತ್ತೆ, ‘ಪರವಾಗಿಲ್ಲ’ ಅಂದಾಗ ಅದನ್ನು ಒಳಗೆ ತಳ್ಳಿರುತ್ತಾರೆ ಅಂತ ನನಗನಿಸುತ್ತೆ. ಇದು ನನ್ನ ಕಿವಿಯ ಭ್ರಮೆಯೋ, ನಿಮಗೂ ಹಾಗೇ ಕೇಳುತ್ತೋ ತಿಳಿಸಿ. ಆಂಟಿಯನ್ನೇ ಕೇಳಿದೆ, ಇವೆರಡಕ್ಕೂ ಏನು ವ್ಯತ್ಯಾಸ ಅಂತ. ತೊಗರಿಬೇಳೆ ಆರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು: ‘ಮಗನಿಗೆ ಪರವಾಗಿಲ್ಲ ಅಂತೀನಿ. ಇವರಿಗೆ ಇರಲಿ ಅಂತೀನಿ.’ ಒಳಗೆ ಪೇಪರ್ ಓದುತ್ತಿದ್ದ ಅಂಕಲ್ ಕೆಮ್ಮಿದರು.