ಮುಂದಿನ ವಾರ ಪಾಯಕ್ಕೆ ಕಾಂಕ್ರೀಟ್: ತಪಾಸಣೆ ದಿನ ನಾನೇನು ನೋಡಬೇಕು?

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಮನೆ ಕಟ್ಟಿಸುತ್ತಿದ್ದೇನೆ, ಎರಡು ಅಂತಸ್ತು. ಪ್ಲಾನ್ ಮಂಜೂರಾಗಿದೆ. ಜೊತೆಗೆ ಷರತ್ತುಗಳ ದಪ್ಪ ಕಟ್ಟೊಂದನ್ನು ಕೊಟ್ಟಿದ್ದಾರೆ. ಎರಡು ಸಲ ಓದಿದೆ, ತಲೆಗೆ ಹೋಗಲಿಲ್ಲ. ನಾಲ್ಕೈದು ಹಂತದಲ್ಲಿ ತಪಾಸಣೆ ಆಗಬೇಕು ಅನ್ನುವುದಷ್ಟೇ ಅರ್ಥವಾಯಿತು. ಕಂಟ್ರಾಕ್ಟರನ್ನು ಕೇಳಿದರೆ "ಅದೆಲ್ಲ ನಾವು ನೋಡ್ಕೋತೀವಿ, ನೀವು ಆರಾಮಾಗಿರಿ" ಅನ್ನುತ್ತಾರೆ. ಆರಾಮಾಗಿರಲು ಆಗುತ್ತಿಲ್ಲ. ನಿಯಮ ಓದುವುದು ಹೇಗೆ? ತಪಾಸಣೆ ದಿನ ನಾನು ಸುಮ್ನೆ ನಿಂತಿರಬೇಕಾ, ಏನಾದರೂ ಕೇಳಬಹುದಾ? ಅನುಭವ ಇದ್ದವರು ಹೇಳಿ.

ಮೂರು ವರ್ಷದ ಹಿಂದೆ ಕಟ್ಟಿಸಿದವರು:
ಸರ್, ನಾನೂ "ಆರಾಮಾಗಿರಿ" ಅನ್ನುವ ಮಾತು ಕೇಳಿ ಆರಾಮಾಗಿಯೇ ಇದ್ದೆ. ಏನಾಯಿತು ಕೇಳಿ.

ನೆಲದಡಿಯ ಡ್ರೈನೇಜ್ ಪೈಪ್ ಹಾಕಿದರು. ತಪಾಸಣೆಗೆ ಬರಬೇಕಿದ್ದವರು ಎರಡು ದಿನ ತಡವಾಗಿ ಬರುತ್ತಾರೆ ಅಂತ ಗೊತ್ತಾಯಿತು. ಆಳುಗಳು ಖಾಲಿ ಕೂರಬಾರದು ಅಂತ ಮೇಸ್ತ್ರಿ ಮಣ್ಣು ಮುಚ್ಚಿ, ಮೇಲೆ ಕಾಂಕ್ರೀಟನ್ನೂ ಹಾಕಿಬಿಟ್ಟರು. ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಪೈಪ್ ಎಲ್ಲಿ?" ನೆಲದ ಕಡೆ ಕೈ ತೋರಿಸಿದೆವು. "ನನಗೆ ಕಾಣ್ತಿಲ್ಲ, ತೆಗೀರಿ" ಅಂದು ಹೊರಟೇ ಹೋದರು. ಆಗ ಮೈಯೆಲ್ಲ ಉರಿದಿತ್ತು. ಒಡೆದು ನೋಡಿದರೆ ಬಚ್ಚಲಮನೆಯಿಂದ ಬರುವ ಪೈಪಿನ ಇಳಿಜಾರು ಉಲ್ಟಾ! ನೀರು ಹೊರಗೆ ಹೋಗುವ ಬದಲು ಒಳಗೇ ನಿಲ್ಲುತ್ತಿತ್ತು. ಹಾಗೇ ಬಿಟ್ಟಿದ್ದರೆ ಟೈಲ್ಸ್ ಹಾಕಿದ ಮೇಲೆ ಗೊತ್ತಾಗುತ್ತಿತ್ತು, ಅದೂ ವಾಸನೆಯಿಂದ.

ಆಮೇಲೆ ನನಗೆ ಹೊಳೆದದ್ದು ಇಷ್ಟು. ತಪಾಸಣೆಯ ಹಂತಗಳನ್ನು ಯಾರೋ ಕಾಟ ಕೊಡಲು ಇಟ್ಟಿದ್ದಲ್ಲ. ಏನೋ ಒಂದು ಕಣ್ಣಿಗೆ ಮರೆಯಾಗುವ ಹೊತ್ತಿಗೇ ಒಂದೊಂದು ಹಂತ ಬರುತ್ತದೆ. ಪಾಯದ ಗುಂಡಿ ಮುಚ್ಚುವ ಮುಂಚೆ, ಕಂಬಿ ಕಾಂಕ್ರೀಟ್ ಒಳಗೆ ಹೋಗುವ ಮುಂಚೆ, ಪೈಪ್ ಹೂಳುವ ಮುಂಚೆ, ವೈರಿನ ಪೈಪ್ ಮೇಲೆ ಗಾರೆ ಬೀಳುವ ಮುಂಚೆ. ನಿಮ್ಮ ಕಟ್ಟಿನಲ್ಲಿರುವ ನಾಲ್ಕೈದು ಹಂತಗಳನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ.

ಪ್ಲಾನ್ ಪರಿಶೀಲನೆಯ ಕೆಲಸ ಮಾಡಿ ನಿವೃತ್ತರಾದವರು:
ಓದುವ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲು ಹೋಗಬೇಡಿ, ನಾವೂ ಹಾಗೆ ಓದುತ್ತಿರಲಿಲ್ಲ.

ಆ ಕಟ್ಟಿನಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಕೊಂಡಿರುತ್ತವೆ. ಒಂದು, ಈ ಜಾಗದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ, ಸುತ್ತ ಎಷ್ಟು ಜಾಗ ಬಿಡಬೇಕು ಅನ್ನುವುದು. ಎರಡು, ಕಟ್ಟಡ ಬೀಳದಂತೆ, ಬೆಂಕಿ ಬಿದ್ದರೆ ಜನ ಹೊರಗೆ ಬರುವಂತೆ ಹೇಗೆ ಕಟ್ಟಬೇಕು ಅನ್ನುವುದು. ಮೂರು, ಕರೆಂಟು, ನೀರು, ಡ್ರೈನೇಜ್ ಕೊಡುವವರ ಷರತ್ತು. ಒಂದಕ್ಕೆ ಒಪ್ಪಿಗೆ ಸಿಕ್ಕಿದರೆ ಇನ್ನೊಂದಕ್ಕೂ ಸಿಕ್ಕಿತು ಅಂತ ಅರ್ಥವಲ್ಲ. ಜನ ಜಾಸ್ತಿ ಎಡವುವುದು ಇಲ್ಲೇ. ಮೂರು ಬಣ್ಣದ ಪೆನ್ನು ಇಟ್ಟುಕೊಂಡು ಗುರುತು ಹಾಕಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಆಮೇಲೆ ವ್ಯಾಖ್ಯೆಗಳ ಅಧ್ಯಾಯ. ಎಲ್ಲರೂ ಹಾರಿಸಿಬಿಡುವ ಭಾಗ ಅದು. "ಕಟ್ಟಡದ ಎತ್ತರ" ಅಂದರೆ ಎಲ್ಲಿಂದ ಎಲ್ಲಿಗೆ? ರಸ್ತೆ ಮಟ್ಟದಿಂದಲೋ, ನೆಲದ ಮಟ್ಟದಿಂದಲೋ? ಪ್ಯಾರಾಪೆಟ್ ಸೇರುತ್ತದೋ? ಬಾಲ್ಕನಿ, ಮೆಟ್ಟಿಲು, ಪಾರ್ಕಿಂಗ್ ಇವು ಲೆಕ್ಕದ ವಿಸ್ತೀರ್ಣದಲ್ಲಿ ಬರುತ್ತವೋ? ಊರಿಂದೂರಿಗೆ ಇದು ಬೇರೆ. ಪಕ್ಕದವರು ಮಾಡಿದ್ದಾರೆ ಅಂತ ನೀವೂ ಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಅವರು ಕಟ್ಟಿದ ಕಾಲದ ನಿಯಮ ಬೇರೆಯಿತ್ತೋ ಏನೋ.

ಇನ್ನೊಂದು, ಕ್ರಿಯಾಪದದ ಬಾಲ ನೋಡಿ. "ಮಾಡತಕ್ಕದ್ದು" ಅಂತಿದ್ದರೆ ಬಿಡುವ ಹಾಗೇ ಇಲ್ಲ. "ಮಾಡಬಹುದು" ಅಂತಿದ್ದರೆ ಯಾರು ಮಾಡಬಹುದು ಅಂತ ಹಿಂದಕ್ಕೆ ಹೋಗಿ ಓದಿ. ಎಷ್ಟೋ ಸಲ ಆ ಬಹುದು ನಿಮಗಲ್ಲ, ಅಧಿಕಾರಿಗೆ!

ಸೈಟ್ ಎಂಜಿನಿಯರ್ ಒಬ್ಬರು:
ಪಾಯದ ಕಾಂಕ್ರೀಟ್ ಅಂದಿರಲ್ಲ, ಅದನ್ನೇ ಹೇಳುತ್ತೇನೆ. ಹಿಂದಿನ ದಿನ ಸಂಜೆ ಡ್ರಾಯಿಂಗ್ ಮತ್ತು ಟೇಪ್ ಹಿಡಿದು ಗುಂಡಿಯ ಹತ್ತಿರ ಹೋಗಿ. ಮೊಬೈಲ್‌ನಲ್ಲಿರುವ ಡ್ರಾಯಿಂಗ್ ಬೇಡ, ಸಹಿ ಬಿದ್ದ ಪ್ರತಿಯೇ ಇರಲಿ.

ಮೊದಲು ಕಂಬಿಯ ಅಡಿಗೆ ಬಗ್ಗಿ ನೋಡಿ. ಜಾಲರಿ ನೆಲಕ್ಕೆ ತಾಗಿರಬಾರದು. ಕೆಳಗೆ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಇರಬೇಕು. ನಾನು ಈಗ ಮಾಡುತ್ತಿರುವ ಕೆಲಸದ ಡ್ರಾಯಿಂಗ್‌ನಲ್ಲಿ ಈ ಅಂತರ ಪಾಯಕ್ಕೆ 50 ಮಿ.ಮೀ., ಸ್ಲ್ಯಾಬಿಗೆ 20 ಮಿ.ಮೀ. ಅಂತಿದೆ. ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. ಒಡೆದ ಟೈಲ್ಸ್ ಚೂರು, ಜಲ್ಲಿ, ಮರದ ತುಂಡು ಇಟ್ಟಿದ್ದರೆ ತೆಗೆಸಿ. ಕಂಬಿಯ ಸುತ್ತ ಸಾಕಷ್ಟು ಕಾಂಕ್ರೀಟ್ ಇಲ್ಲದಿದ್ದರೆ ತೇವ ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹಳೇ ಕಟ್ಟಡದ ಬಾಲ್ಕನಿ ಅಡಿಯಿಂದ ಚಕ್ಕೆ ಉದುರುವುದು ನೋಡಿದ್ದೀರಲ್ಲ, ಅದರ ಹಿಂದಿರುವುದು ಹೆಚ್ಚಾಗಿ ಇದೇ.

ಆಮೇಲೆ ಕಾಲಮ್. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಅಡ್ಡ ರಿಂಗುಗಳ ನಡುವಿನ ಅಂತರ ಅಳೆಯಿರಿ. ಒಂದೇ ಕಡೆ ಅಳೆದು ಬಿಡಬೇಡಿ, ಬುಡದಲ್ಲೂ ಅಳೆಯಿರಿ. ಬುಡದಲ್ಲಿ ಹತ್ತಿರ ಹತ್ತಿರ ಇರಬೇಕು ಅಂತ ಡ್ರಾಯಿಂಗ್ ಹೇಳಿದ್ದರೂ ಕಟ್ಟುವವರು ಎಲ್ಲಾ ಕಡೆ ಒಂದೇ ಅಂತರ ಕೊಟ್ಟಿರುತ್ತಾರೆ. ರಿಂಗಿನ ಕೊಕ್ಕೆ ಒಳಕ್ಕೆ, 135 ಡಿಗ್ರಿ ಬಗ್ಗಿರಬೇಕು. 90 ಡಿಗ್ರಿಗೇ ಬಿಟ್ಟರೆ ಭೂಕಂಪದಲ್ಲಿ ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ.

ಕಾಂಕ್ರೀಟ್ ದಿನ ಎರಡು ಕೆಲಸ. ಲಾರಿ ಬಂದಾಗ ಯಾರಾದರೂ ಪೈಪ್ ಹಿಡಿದು ನೀರು ಬಿಡಲು ಹೋದರೆ ನಿಲ್ಲಿಸಿ. ಸಲೀಸಾಗಿ ಹರಿಯಲಿ ಅಂತ ಬಿಡುತ್ತಾರೆ, ಬಲ ಅಲ್ಲೇ ಕಮ್ಮಿಯಾಗುತ್ತದೆ. ಇನ್ನೊಂದು, ಅದೇ ಕಾಂಕ್ರೀಟಿನಿಂದ 150 ಮಿ.ಮೀ. ಕ್ಯೂಬ್ ಆರು ಹಾಕಿಸಿ. ಬಲ ಎಷ್ಟಿದೆ ಅಂತ ತಿಳಿಯಲು ಮೂರನ್ನು 7ನೇ ದಿನ, ಮೂರನ್ನು 28ನೇ ದಿನ ಒಡೆಸಿ. ಕೆಲವು ಕಡೆ ಕ್ಯೂಬ್ ಬದಲು ಸಿಲಿಂಡರ್ ಹಾಕುತ್ತಾರೆ, ಉದ್ದೇಶ ಒಂದೇ. ಅವುಗಳ ಮೇಲೆ ತಾರೀಕು ಬರೆಸುವುದನ್ನು ಮರೆಯಬೇಡಿ. ಮೂಲೆಯಲ್ಲಿ ಬಿದ್ದಿರುವ ಹೆಸರಿಲ್ಲದ ಕ್ಯೂಬ್ ಯಾರಿಗೂ ಬೇಡ.

ಬೇಸರಗೊಂಡವರು:
ಇಷ್ಟೆಲ್ಲ ಯಾಕೆ ಹೇಳ್ತೀರಿ? ನಮ್ಮ ಸೈಟಿಗೆ ಬಂದವರು ಗೇಟಿನಲ್ಲೇ ನಿಂತು ಸಹಿ ಹಾಕಿ ಹೋದರು. ಗುಂಡಿ ಎಲ್ಲಿದೆ ಅಂತಲೂ ಕೇಳಲಿಲ್ಲ.

ಸೈಟ್ ಎಂಜಿನಿಯರ್:
ಹಾಗೂ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಅದಕ್ಕೇ ಕಂಟ್ರಾಕ್ಟರಿಗೆ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರನ್ನು ಆ ನಾಲ್ಕೈದು ದಿನಕ್ಕಾದರೂ ಗೊತ್ತು ಮಾಡಿಕೊಳ್ಳಿ ಅನ್ನುವುದು. ಇಲಾಖೆಯವರು ನೋಡುವುದು ನಿಯಮದ ಕನಿಷ್ಠ ಮಟ್ಟ ಮುಟ್ಟಿದೆಯಾ ಅಂತ. ಗೋಡೆ ನೆಟ್ಟಗಿದೆಯಾ, ಬಾಗಿಲು ಸರಿಯಾಗಿ ಕೂತಿದೆಯಾ ಅನ್ನುವುದು ಅವರ ಕೆಲಸವೇ ಅಲ್ಲ.

ಸ್ಟ್ರಕ್ಚರಲ್ ಲೆಕ್ಕ ಮಾಡುವವರು:
ಒಂದು ಮಾತು ಸೇರಿಸುತ್ತೇನೆ. ತಪಾಸಣೆಗಿಂತ ನನಗೆ ಭಯ ಸೈಟಿನಲ್ಲಿ ನಿಂತ ನಿಲುವಿನಲ್ಲೇ ಆಗುವ "ಸಣ್ಣ ಬದಲಾವಣೆ"ಯದು.

1981ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹಯಾಟ್ ರೀಜೆನ್ಸಿ ಹೋಟೆಲಿನೊಳಗಿನ ತೂಗು ನಡಿಗೆದಾರಿಗಳು ಕುಸಿದು 114 ಜನ ಸತ್ತರು. ಮೊದಲಿನ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದದ ಸರಳು ಮೇಲಿನ ದಾರಿಯನ್ನೂ ಕೆಳಗಿನ ದಾರಿಯನ್ನೂ ಹೊರಬೇಕಿತ್ತು. ಅಷ್ಟುದ್ದದ ಸರಳಿಗೆ ತಿರುಪಿನ ಗೆರೆ ಕೊರೆದು ನಟ್ಟು ಏರಿಸುವುದು ಕಷ್ಟ ಅಂತ ಎರಡು ತುಂಡು ಮಾಡಿದರು. ಕೆಳಗಿನ ದಾರಿ ಮೇಲಿನ ದಾರಿಯ ತೊಲೆಗೇ ನೇತುಬಿತ್ತು. ಮೇಲಿನ ನಟ್ಟಿನ ಮೇಲಿನ ಭಾರ ಎರಡರಷ್ಟಾಯಿತು. ಹೊಸದಾಗಿ ಲೆಕ್ಕ ಹಾಕದೆಯೇ ಬದಲಾವಣೆ ಒಪ್ಪಿಗೆಯಾಗಿ ಹೋಗಿತ್ತು. ಒಬ್ಬರು ಹಗ್ಗ ಹಿಡಿದು ನೇತಾಡುತ್ತಿದ್ದಾರೆ, ಇನ್ನೊಬ್ಬರು ಬಂದು ಹಗ್ಗ ಬಿಟ್ಟು ಅವರ ಕಾಲನ್ನೇ ಹಿಡಿದುಕೊಂಡರು ಅಂದುಕೊಳ್ಳಿ. ಮೇಲಿನವರ ಕೈಗೆ ಏನಾಗುತ್ತದೆ?

ಮನೆಯಲ್ಲೂ ಅಷ್ಟೇ. "ಈ ಕಾಲಮ್ ಅರ್ಧ ಅಡಿ ಆ ಕಡೆ ಹಾಕೋಣ", "ಕಿಟಕಿ ಸ್ವಲ್ಪ ಅಗಲ ಮಾಡೋಣ", "ಟ್ಯಾಂಕ್ ಈ ಮೂಲೆಗೆ ಇಡೋಣ". ಮಾಡಬೇಡಿ ಅನ್ನುತ್ತಿಲ್ಲ. ಡಿಸೈನ್ ಮಾಡಿದವರಿಗೆ ಕಳಿಸಿ, ಬರಹದಲ್ಲಿ ಉತ್ತರ ತರಿಸಿ, ಬದಲಾದ ಡ್ರಾಯಿಂಗಿಗೆ ಹೊಸ ನಂಬರ್ ಹಾಕಿಸಿ. ಹಳೆಯದನ್ನು ಸೈಟಿನಿಂದ ತೆಗೆದುಬಿಡಿ. ಕೊನೆಗೆ ವಾಸಕ್ಕೆ ಅನುಮತಿ ಕೇಳುವಾಗ ಕಟ್ಟಿದ್ದು ಮತ್ತು ಕಾಗದದಲ್ಲಿರುವುದು ತಾಳೆಯಾಗದೆ ಒದ್ದಾಡುವವರನ್ನು ನೋಡುತ್ತಲೇ ಇರುತ್ತೇನೆ.

ವೈರಿಂಗ್ ಕೆಲಸದವರು:
ಅಣ್ಣಾ, ಗಾರೆ ಹಾಕುವ ಮುಂಚೆ ಪ್ರತಿ ಗೋಡೆಗೂ ಟೇಪ್ ಆನಿಸಿ ಫೋಟೋ ತೆಗೆದಿಡಿ. ಟೇಪಿನ ಅಂಕಿ ಕಾಣಬೇಕು, ಇಲ್ಲಾಂದ್ರೆ ಫೋಟೋ ವೇಸ್ಟು. ಮುಂದೆ ಒಂದು ದಿನ ಮೊಳೆ ಹೊಡೆಯುವಾಗ ನನ್ನನ್ನು ನೆನೆಸಿಕೊಳ್ತೀರಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಡ್ರಾಯಿಂಗ್ ಹಿಡಿದು ಗುಂಡಿಗೆ ಇಳಿದೆ. ಜಾಲರಿಯ ಅಡಿಗೆ ಕವರ್ ಬ್ಲಾಕ್ ಇದ್ದದ್ದು ಒಂದು ಬದಿ ಮಾತ್ರ, ಇನ್ನೊಂದು ಬದಿ ಪೂರ್ತಿ ಜಲ್ಲಿ ಕಲ್ಲು. ನೀವು ಹೇಳದಿದ್ದರೆ ನನಗೆ ಅದು ತಪ್ಪು ಅಂತಲೇ ಗೊತ್ತಾಗುತ್ತಿರಲಿಲ್ಲ. ಬ್ಲಾಕ್ ತರಿಸಿದ್ದೇನೆ, ಕ್ಯೂಬಿನ ಅಚ್ಚು ನಾಳೆ ಬರುತ್ತದೆ. ಕಾಂಕ್ರೀಟ್ ಎರಡು ದಿನ ಮುಂದಕ್ಕೆ ಹೋಯಿತು. ಕಂಟ್ರಾಕ್ಟರ್ ಸದ್ಯಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮೇಸ್ತ್ರಿ ಮಾತ್ರ ಹೋಗುವಾಗ ಮೆಲ್ಲಗೆ ಅಂದರು, "ಸ್ಲ್ಯಾಬ್ ದಿನಾನೂ ಬನ್ನಿ ಸಾರ್."